ಮೀನುಗಳಿಗೆ ಊರಿನವರ ಹೆಸರೇ ಇಟ್ಟ ಬುಕಾನನ್

ಹಾಸ್ಟೆಲ್‌ನಲ್ಲಿ ಸಾಕೋಕೆ ಸುಲಭ ಅಂತ ಬಹಳ ಜನ ಮೊದಲು ತರೋದು ಬೆಟ್ಟಾ ಮೀನನ್ನು. ಅಂಗಡಿಯಲ್ಲಿ ಅದಕ್ಕೆ ಫೈಟರ್ ಅಂತಾರೆ. ಒಂದು ಗಾಜಿನ ಬೌಲ್, ಒಂದು ಡಬ್ಬಿ ಫುಡ್, ಒಂದು ನೀಲಿ ಅಥವಾ ಕೆಂಪು ಮೀನು. ಎರಡು ವಾರ ಆದ ಮೇಲೆ ಎಲ್ಲರಿಗೂ ಬರೋ ಯೋಚನೆ ಒಂದೇ: ಪಾಪ, ಒಂಟಿಯಾಗಿದೆ, ಜೊತೆಗೆ ಇನ್ನು ನಾಲ್ಕು ಮೀನು ಬಿಡೋಣ. ಮತ್ತೆ ಅಂಗಡಿಗೆ ಹೋದರೆ ಜೀಬ್ರಾ ಡ್ಯಾನಿಯೋ, ರೋಸಿ ಬಾರ್ಬ್, ಡ್ವಾರ್ಫ್ ಗೌರಾಮಿ, ಹನಿ ಗೌರಾಮಿ ಎಲ್ಲ ಸಾಲಾಗಿ ಕಾಯ್ತಾ ಇರುತ್ತವೆ. ಇವುಗಳಲ್ಲಿ ಯಾವುದನ್ನು ತರಬಹುದು, ಯಾವುದು ಬೇಡ? ಆಯ್ಕೆ ತಪ್ಪಿದರೆ ಬೆಳಗಾಗುವಷ್ಟರಲ್ಲಿ ಒಂದು ಮೀನು ನೀರಿನ ಮೇಲೆ ತೇಲುತ್ತಾ ಇರಬಹುದು.

ಈ ನಾಲ್ಕು ಮೀನುಗಳ ವೈಜ್ಞಾನಿಕ ಹೆಸರನ್ನು ಪೂರ್ತಿಯಾಗಿ ಹುಡುಕಿ ನೋಡಿ. ನಾಲ್ಕರ ಕೊನೆಯಲ್ಲೂ ಒಂದೇ ಹೆಸರು, ಒಂದೇ ಇಸವಿ: ಹ್ಯಾಮಿಲ್ಟನ್, 1822. ಒಂದು ಜೀವಿಯನ್ನು ಮೊದಲ ಸಲ ವಿವರಿಸಿ ಹೆಸರಿಟ್ಟವರನ್ನು ಹೀಗೆ ಕೊನೆಯಲ್ಲಿ ನೆನೆಯುವುದು ಜೀವಶಾಸ್ತ್ರದ ಪದ್ಧತಿ. ಈ ಹ್ಯಾಮಿಲ್ಟನ್ ಯಾರು ಅಂತ ನೋಡಿದರೆ, ನಮಗೆ ಇನ್ನೊಂದು ಹೆಸರಿನಲ್ಲಿ ಮೊದಲೇ ಗೊತ್ತಿರುವ ಮನುಷ್ಯ. ಟಿಪ್ಪು ಸುಲ್ತಾನ್ ಸತ್ತ ಮರುವರ್ಷ ಮೈಸೂರು ಸೀಮೆ, ಕರಾವಳಿ, ಮಲಬಾರನ್ನು ಸುತ್ತಿ ಮೂರು ಸಂಪುಟದ ಪ್ರವಾಸ ಕಥನ ಬರೆದ ಫ್ರಾನ್ಸಿಸ್ ಬುಕಾನನ್. ಕರ್ನಾಟಕದ ಇತಿಹಾಸದ ಪುಸ್ತಕಗಳಲ್ಲಿ ಆಗಾಗ ಎದುರಾಗೋ ಬುಕಾನನ್ ಮತ್ತು ಅಕ್ವೇರಿಯಂ ಅಂಗಡಿಯ ಹ್ಯಾಮಿಲ್ಟನ್ ಇಬ್ಬರೂ ಒಬ್ಬನೇ. ಅವನ ಬದುಕನ್ನು ಓದಿದರೆ ಬೆಟ್ಟಾ ಪ್ರಶ್ನೆಗೂ ಅರ್ಧ ಉತ್ತರ ಸಿಗುತ್ತದೆ.

ಬುಕಾನನ್ ಹುಟ್ಟಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡಿನ ಪರ್ತ್‌ಶೈರ್‌ನಲ್ಲಿ, ಕ್ಯಾಲಂಡರ್ ಎಂಬ ಊರಿನ ಹತ್ತಿರ. ತಂದೆ ವೈದ್ಯರು. ಮನೆತನಕ್ಕೆ ಜಮೀನು ಇತ್ತು, ಆದರೆ ಅಣ್ಣಂದಿರೂ ಇದ್ದರು. ಆ ಕಾಲದಲ್ಲಿ ಆಸ್ತಿ ಹಿರಿಯ ಮಗನಿಗೆ. ಕಿರಿಯರು ಓದಿ ಸಂಪಾದನೆಯ ದಾರಿ ನೋಡಿಕೊಳ್ಳಬೇಕು. ಹಾಗಾಗಿ ಇವನು ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿದ. 1783ರಲ್ಲಿ ಎಂ.ಡಿ. ಆಯಿತು. ಪ್ರಬಂಧದ ವಿಷಯ ಬಿಟ್ಟು ಬಿಟ್ಟು ಬರುವ ಜ್ವರ, ಅಂದರೆ ನಾವು ಇವತ್ತು ಮಲೇರಿಯಾ ಅನ್ನೋದು. ಅದೇ ಕಾಲೇಜಿನಲ್ಲಿ ಜಾನ್ ಹೋಪ್ ಎಂಬ ಸಸ್ಯಶಾಸ್ತ್ರದ ಮೇಷ್ಟ್ರು ಇದ್ದರು. ಲಿನೇಯಸ್‌ನ ವರ್ಗೀಕರಣ ಪದ್ಧತಿಯನ್ನು ಹುಡುಗರಿಗೆ ಕಲಿಸುತ್ತಿದ್ದವರು. ಕೈಗೆ ಸಿಕ್ಕಿದ್ದನ್ನೆಲ್ಲ ಬಿಡಿಸಿ ನೋಡಿ, ಎಣಿಸಿ, ಬರೆದಿಡೋ ಚಟ ಬುಕಾನನ್‌ಗೆ ಅಂಟಿಕೊಂಡಿದ್ದು ಇಲ್ಲೇ. ನಮ್ಮಲ್ಲಿ ಕೆಲವರಿಗೆ ಕೋರ್ ಬ್ರಾಂಚ್ ಒಂದಾದರೆ ಜೀವ ಇರೋದು ಇನ್ನೊಂದರಲ್ಲಿ ಅಲ್ವಾ, ಹಾಗೆ.

ಕೆಲವು ವರ್ಷ ಹಡಗುಗಳಲ್ಲಿ ವೈದ್ಯನಾಗಿ ತಿರುಗಿ, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯಕೀಯ ಸೇವೆಗೆ ಸೇರಿದ. ಮರುವರ್ಷವೇ ಕ್ಯಾಪ್ಟನ್ ಮೈಕೆಲ್ ಸೈಮ್ಸ್ ಬರ್ಮಾದ ರಾಜನ ಬಳಿಗೆ ರಾಯಭಾರಿಯಾಗಿ ಹೋದಾಗ ಜೊತೆಯಲ್ಲಿ ಹೋದ. ವಾಪಸ್ ಬಂದ ಮೇಲೆ ಕಂಪನಿ ಅವನನ್ನು ಹಾಕಿದ್ದು ಈಗಿನ ಬಾಂಗ್ಲಾದೇಶದ ಲಕ್ಷ್ಮೀಪುರದ ಕಡೆಗೆ. ಎಲ್ಲಿ ನೋಡಿದರೂ ನದಿ, ಕಾಲುವೆ, ಗದ್ದೆ, ನೀರು. ಅಲ್ಲಿಯ ಜನಕ್ಕೆ ಮೀನು ದಿನದ ಊಟ. ಬುಕಾನನ್ ಮೀನು ನೋಡೋಕೆ ಶುರು ಮಾಡಿದ್ದು ಅಲ್ಲಿ. ಬಲೆಗೆ ಬಿದ್ದ ಪ್ರತಿಯೊಂದು ಮೀನಿಗೂ ಜನರ ಬಾಯಲ್ಲಿ ಒಂದು ಹೆಸರಿತ್ತು. ಬೆರಳುದ್ದದ, ಯಾರೂ ಕಾಸು ಕೊಟ್ಟು ಕೊಳ್ಳದ ಮೀನಿಗೂ ಹೆಸರಿತ್ತು. ಅವನು ಆ ಹೆಸರುಗಳನ್ನು ಕೇಳಿ ಕೇಳಿ ಬರೆದುಕೊಂಡ.

ಅಷ್ಟರಲ್ಲಿ 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಗೆದ್ದ ದೇಶದಲ್ಲಿ ಏನು ಬೆಳೆಯುತ್ತೆ, ದನಕರು ಎಂಥವು, ಯಾವ ಕಸುಬು ನಡೆಯುತ್ತೆ, ಗಣಿ ಎಲ್ಲಿದೆ, ಜನ ಹೇಗಿದ್ದಾರೆ ಅಂತ ಕಂಪನಿಗೆ ತಿಳಿಯಬೇಕಿತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿ ಆ ಕೆಲಸಕ್ಕೆ ಬುಕಾನನ್‌ನನ್ನು ಆರಿಸಿದ. 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟವನು 1801ರವರೆಗೆ ತಿರುಗಿದ. ದಾರಿಯುದ್ದಕ್ಕೂ ರೈತರು, ನೇಕಾರರು, ಕಬ್ಬಿಣ ಕಾಯಿಸುವವರು ಎಲ್ಲರನ್ನೂ ಕೂರಿಸಿಕೊಂಡು ಪ್ರಶ್ನೆ ಕೇಳಿದ. ಬಿತ್ತನೆ ಬೀಜ ಎಷ್ಟು, ಕಂದಾಯ ಎಷ್ಟು, ಕೂಲಿ ಎಷ್ಟು.

ನಮ್ಮ ಚಾಮರಾಜನಗರ ಜಿಲ್ಲೆಗೂ ಅವನು ಬಂದಿದ್ದ. ಆಗ ಈ ಹೆಸರು ಇರಲಿಲ್ಲ, ಈಗಿನ ಚಾಮರಾಜನಗರಕ್ಕೆ ಅರಿಕುಠಾರ ಅಂತ ಹೆಸರು. ಅವನು ಹಿಡಿದ ದಾರಿ ಕೊಳ್ಳೇಗಾಲ, ಶಿವನಸಮುದ್ರ, ಸಿಂಗಾನಲ್ಲೂರು, ಹನೂರು, ಕೌದಳ್ಳಿ, ಮಾರ್ಟಳ್ಳಿ. ಅಲ್ಲಿಂದ ಘಟ್ಟ ಇಳಿದು ಕಾವೇರಿಪುರ. ನಮ್ಮೂರು ಪುಣಜನೂರು ಇರೋದು ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗೋ ರಸ್ತೆಯಲ್ಲಿ. ಅಂದರೆ ಬಿಳಿಗಿರಿರಂಗನ ಬೆಟ್ಟದ ಆಚೆ ಮಗ್ಗುಲಲ್ಲಿ ಅವನು ನಡೆದ, ಈಚೆ ಮಗ್ಗುಲಲ್ಲಿ ನಾವಿದ್ದೇವೆ. ಇಲ್ಲಿನ ಕಾಡಿನ ಸೋಲಿಗರ ಬಗ್ಗೆಯೂ ಅವನ ಪುಸ್ತಕದಲ್ಲಿ ಬರುತ್ತದೆ. ಆದರೆ ಅದು ತೀರ ಚಿಕ್ಕದು, ದೂರದಿಂದ ನೋಡಿದವನ ಮಾತು. ಬಟ್ಟೆ ಕಡಿಮೆ, ಬೆಂಕಿಯ ಸುತ್ತ ಮಲಗುತ್ತಾರೆ ಅನ್ನೋ ಥರದ ವಿವರಗಳು. ಕಾಡಿನ ಗಿಡಮರಗಳ ಬಗ್ಗೆ ಸೋಲಿಗರಿಗೆ ಎಷ್ಟು ಗೊತ್ತು ಅಂತ ಪುಣಜನೂರಿನ ಯಾರನ್ನು ಕೇಳಿದರೂ ಹೇಳ್ತಾರೆ. ಒಂದು ದಿನದಲ್ಲಿ ಹಾದುಹೋಗುವವನಿಗೆ ಅದು ಸಿಗಲ್ಲ. ಬಂಗಾಳದ ಮೀನುಗಾರರ ಹತ್ತಿರ ವರ್ಷಗಟ್ಟಲೆ ಕಲಿತ ಮನುಷ್ಯ ಇಲ್ಲಿ ಕಲಿಯೋಷ್ಟು ಹೊತ್ತು ನಿಲ್ಲಲಿಲ್ಲ. ಅವನ ಬಗ್ಗೆ ಬರೆಯುವಾಗ ಇದನ್ನೂ ಬರೆಯಬೇಕು ಅನ್ನಿಸಿತು.

ಅವನದೊಂದು ಅಭ್ಯಾಸ ಮಾತ್ರ ಎಲ್ಲ ಕಡೆ ಒಂದೇ. ಊರಿನ ಹೆಸರನ್ನು ಕಿವಿಗೆ ಬಿದ್ದ ಹಾಗೇ ಬರೆಯುತ್ತಿದ್ದ. ಅವನ ಪುಸ್ತಕದಲ್ಲಿ ಕೊಳ್ಳೇಗಾಲ ಕೋಲೆಗಾಲ ಆಗಿದೆ, ಹನೂರು ಹನುರು ಆಗಿದೆ. ನೋಡಿದರೆ ನಗು ಬರುತ್ತೆ, ಆದರೆ ಇಂಗ್ಲೆಂಡಿನ ಯಾವುದೋ ಊರಿನ ಹೆಸರನ್ನು ತಂದು ಇಲ್ಲಿಗೆ ಅಂಟಿಸಲಿಲ್ಲ. ಮೀನುಗಳ ವಿಷಯದಲ್ಲೂ ಇದೇ ಅಭ್ಯಾಸ ಮುಂದೆ ಕೆಲಸಕ್ಕೆ ಬಂತು.

ಮೈಸೂರಿನ ಕೆಲಸ ಮುಗಿಸಿ 1802ರಲ್ಲಿ ನೇಪಾಳಕ್ಕೆ ಹೋದ. ಆಮೇಲೆ ಕಲ್ಕತ್ತೆಯಲ್ಲಿ ವೆಲ್ಲೆಸ್ಲಿಯ ವೈದ್ಯನಾಗಿದ್ದಾಗ ಹತ್ತಿರದ ಬ್ಯಾರಕ್‌ಪುರದಲ್ಲಿ ಪ್ರಾಣಿಸಂಗ್ರಹವೊಂದನ್ನು ನೋಡಿಕೊಂಡ. ಅಲ್ಲಿಗೆ ಬಂದ ಪ್ರಾಣಿಗಳನ್ನು ಹಲುದಾರ್ ಎಂಬ ಬಂಗಾಳಿ ಚಿತ್ರಕಾರ ಬಿಡಿಸುತ್ತಿದ್ದ. 1805ರಲ್ಲಿ ವೆಲ್ಲೆಸ್ಲಿ ಜೊತೆ ಇಂಗ್ಲೆಂಡಿಗೆ ಹೋದ. 1807ರಲ್ಲಿ ಮೈಸೂರು ಪ್ರವಾಸದ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. ಅದೇ ವರ್ಷ ಬಂಗಾಳ ಮತ್ತು ಬಿಹಾರದ ದೊಡ್ಡ ಸರ್ವೆ ಶುರು. ದಿನಾಜ್‌ಪುರ, ರಂಗಪುರ, ಪೂರ್ಣಿಯಾ, ಭಾಗಲ್ಪುರ, ಗೋರಖ್‌ಪುರ ಅಂತ 1814ರವರೆಗೆ ಏಳು ವರ್ಷ. ಮಳೆ ಇಲ್ಲದ ತಿಂಗಳುಗಳಲ್ಲಿ ತಿರುಗೋದು, ಮಳೆಗಾಲದಲ್ಲಿ ಒಂದು ಕಡೆ ಕೂತು ಬರೆಯೋದು. ಗಂಗೆ ಮತ್ತು ಅದರ ಉಪನದಿಗಳ ಮೀನುಗಳನ್ನು ಒಂದೊಂದಾಗಿ ಅಳೆದು, ರೆಕ್ಕೆಯ ಮುಳ್ಳು ಎಣಿಸಿ, ಬಣ್ಣ ಮಾಸುವ ಮೊದಲೇ ಚಿತ್ರ ಬರೆಸಿದ. ಕ್ಯಾಮೆರಾ ಇಲ್ಲದ ಕಾಲ. ನೀರಿನಿಂದ ತೆಗೆದ ಮೀನು ಸ್ವಲ್ಪ ಹೊತ್ತಿಗೇ ಬಣ್ಣ ಕಳೆದುಕೊಳ್ಳುತ್ತದೆ. ಚಿತ್ರವೇ ಅವನ ಡೇಟಾ.

1814ರಲ್ಲಿ ಕಲ್ಕತ್ತೆಯ ಬೊಟಾನಿಕಲ್ ಗಾರ್ಡನ್ನಿನ ಮುಖ್ಯಸ್ಥನಾದ. ಆರೋಗ್ಯ ಕೆಟ್ಟಿತ್ತು, ಊರಿಗೆ ಹೋಗುವ ಮನಸ್ಸಾಗಿತ್ತು. 1815ರಲ್ಲಿ ಹೊರಡುವಾಗ ಹೊಸ ಗವರ್ನರ್ ಜನರಲ್ ಲಾರ್ಡ್ ಮೊಯಿರಾ, ಅಂದರೆ ಮುಂದೆ ಮಾರ್ಕ್ವೆಸ್ ಆಫ್ ಹೇಸ್ಟಿಂಗ್ಸ್ ಆದವನು, ಚಿತ್ರಗಳನ್ನು ತೆಗೆದುಕೊಂಡು ಹೋಗಲು ಬಿಡಲಿಲ್ಲ. ಕಂಪನಿಯ ಕೆಲಸದಲ್ಲಿ ಆದದ್ದು ಕಂಪನಿಯದು ಅನ್ನುವ ಲೆಕ್ಕ. ಕಾನೂನಿನ ಪ್ರಕಾರ ಅದು ಸರಿಯೂ ಇರಬಹುದು. ಆದರೆ ಯೋಚಿಸಿ. ಇಪ್ಪತ್ತು ವರ್ಷ ಒಂದು ಕೆಲಸ ಮಾಡಿ, ಅದನ್ನು ಪುಸ್ತಕ ಮಾಡುವ ಹೊತ್ತಿಗೆ ಲ್ಯಾಪ್‌ಟಾಪ್ ಇಟ್ಟು ಹೋಗು ಅಂದ ಹಾಗೆ. ಐವತ್ತಮೂರನೇ ವಯಸ್ಸಿನಲ್ಲಿ, ಕಾಯಿಲೆ ಮೈಯಲ್ಲಿ, ಚಿತ್ರಗಳನ್ನು ಕಲ್ಕತ್ತೆಯಲ್ಲೇ ಬಿಟ್ಟು ಅವನು ಹಡಗು ಹತ್ತಿದ.

ಸ್ಕಾಟ್ಲೆಂಡಿನಲ್ಲಿ ಅಣ್ಣ ತೀರಿಕೊಂಡ ಮೇಲೆ ತಾಯಿಯ ಕಡೆಯ ಆಸ್ತಿ ಇವನಿಗೆ ಬಂತು. ಅದರ ಜೊತೆಗೆ ತಾಯಿಯ ಮನೆತನದ ಹೆಸರೂ ಬಂತು. ಬುಕಾನನ್ ಹ್ಯಾಮಿಲ್ಟನ್ ಆಗಿದ್ದು ಹೀಗೆ, 1818ರಲ್ಲಿ. ನಾಲ್ಕು ವರ್ಷ ಆದ ಮೇಲೆ, 1822ರಲ್ಲಿ, ಎಡಿನ್‌ಬರೋದಲ್ಲಿ ಗಂಗಾ ನದಿಯ ಮೀನುಗಳ ಪುಸ್ತಕ ಹೊರಬಂತು. ಒಂದು ಸಂಪುಟ ಬರಹ, ಇನ್ನೊಂದು 39 ಚಿತ್ರಫಲಕಗಳು. ಅದುವರೆಗೆ ವಿಜ್ಞಾನಕ್ಕೆ ಗೊತ್ತಿಲ್ಲದಿದ್ದ 100ಕ್ಕೂ ಹೆಚ್ಚು ಮೀನುಗಳು ಅದರಲ್ಲಿದ್ದವು.

ಆ ಪುಸ್ತಕದಲ್ಲಿ ನನಗೆ ತುಂಬ ಇಷ್ಟವಾಗಿದ್ದು ಹೆಸರುಗಳು. ಹೊಸ ಮೀನು ಸಿಕ್ಕರೆ ತನ್ನ ಸಾಹೇಬರ ಹೆಸರಿಡೋದು ಆ ಕಾಲದಲ್ಲಿ ಮಾಮೂಲಿ. ಇವನು ಬಂಗಾಳದ ಜನ ಕರೆಯುತ್ತಿದ್ದ ಹೆಸರಿಗೇ ಲ್ಯಾಟಿನ್ ಬಾಲ ಸೇರಿಸಿದ. ಡ್ವಾರ್ಫ್ ಗೌರಾಮಿಗೆ ಲಾಲಿಯಸ್: ಅದರಲ್ಲಿರುವುದು ಕೆಂಪು ಅನ್ನೋ ಅರ್ಥದ ಲಾಲ್. ಹನಿ ಗೌರಾಮಿಗೆ ಚೂನಾ. ರೋಸಿ ಬಾರ್ಬ್‌ಗೆ ಕಾಂಕೋನಿಯಸ್. ಜೀಬ್ರಾ ಮೀನಿಗೆ ರೆರಿಯೋ. ಡ್ಯಾನಿಯೋ ಅನ್ನೋದೂ ಧಾನಿ ಎಂಬ ಬಂಗಾಳಿ ಹೆಸರಿನಿಂದ ಬಂದದ್ದು, ಗದ್ದೆಯದು ಅಂತ ಅರ್ಥ. ನಮ್ಮ ಕೆರೆ, ಜಲಾಶಯಗಳಿಗೆ ಮರಿ ತಂದು ಬಿಡುತ್ತಾರಲ್ಲ, ಕಾಟ್ಲಾ, ರೋಹು, ಮೃಗಾಲ್, ಅವುಗಳ ವೈಜ್ಞಾನಿಕ ಹೆಸರುಗಳೂ ಇದೇ ಪುಸ್ತಕದವು: ಕಾಟ್ಲಾ, ರೋಹಿತಾ, ಮೃಗಾಲಾ. ಅದನ್ನು ಹಿಡಿದ ಬೆಸ್ತರ ಮಾತು ಇನ್ನೂರು ವರ್ಷದಿಂದ ಜಗತ್ತಿನ ಎಲ್ಲ ಲ್ಯಾಬ್‌ಗಳಲ್ಲೂ ನಡೀತಾ ಇದೆ. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ಜೀವವಿಜ್ಞಾನಿಗಳು ಜೀಬ್ರಾ ಮೀನಿನ ಮೇಲೆ ಸಂಶೋಧನೆ ಮಾಡುವಾಗ ಡ್ಯಾನಿಯೋ ರೆರಿಯೋ ಅಂತಲೇ ಬರೆಯಬೇಕು.

ಈಗ ಬೆಟ್ಟಾಗೆ ಬರೋಣ. ಅದು ಗಂಗೆಯ ಮೀನಲ್ಲ, ಸಯಾಂ ದೇಶದ್ದು, ಅಂದರೆ ಥಾಯ್ಲೆಂಡಿನದು. ಅದಕ್ಕೂ ಈ ಕಥೆಗೂ ಒಂದು ಕೊಂಡಿ ಇದೆ. ಬುಕಾನನ್ ಬಿಟ್ಟುಹೋದ ಬೊಟಾನಿಕಲ್ ಗಾರ್ಡನ್ನನ್ನು ಮುಂದೆ ವಹಿಸಿಕೊಂಡವನು ವಾಲಿಚ್ ಎಂಬ ಡೇನಿಶ್ ವೈದ್ಯ. ಅವನ ಸೋದರಳಿಯ ಥಿಯೋಡೋರ್ ಕ್ಯಾಂಟರ್. ಈ ಕ್ಯಾಂಟರ್ 1849ರಲ್ಲಿ ಮಲಯದ ಮೀನುಗಳ ಬಗ್ಗೆ ಬರೆಯುವಾಗ ಸಯಾಂನ ಕಾದಾಟದ ಮೀನನ್ನೂ ಸೇರಿಸಿದ, ಆದರೆ ಬೇರೊಂದು ಮೀನಿನ ಹೆಸರಿನ ಕೆಳಗೆ. ಲಂಡನ್ನಿನ ಚಾರ್ಲ್ಸ್ ಟೇಟ್ ರೀಗನ್ 1910ರಲ್ಲಿ ಅದನ್ನು ಬಿಡಿಸಿ ಬೆಟ್ಟಾ ಸ್ಪ್ಲೆಂಡೆನ್ಸ್ ಅಂತ ಹೆಸರಿಟ್ಟ. ಸ್ಪ್ಲೆಂಡೆನ್ಸ್ ಅಂದರೆ ಹೊಳೆಯುವುದು. ನೋಡೋಕೆ ಚಂದ ಇದೆ ಅನ್ನೋದನ್ನು ಬಿಟ್ಟು ಆ ಹೆಸರು ಬೇರೇನೂ ಹೇಳಲ್ಲ. ಥಾಯ್ ಜನ ಅದಕ್ಕೆ ಹೇಳೋದು ಪ್ಲಾ ಕಟ್, ಕಚ್ಚುವ ಮೀನು. ಬುಕಾನನ್ ಕೈಗೆ ಸಿಕ್ಕಿದ್ದರೆ ಬಹುಶಃ ಆ ಹೆಸರೇ ಉಳಿಯುತ್ತಿತ್ತು, ಮೀನು ಕೊಳ್ಳುವವರಿಗೆ ಮುನ್ನೆಚ್ಚರಿಕೆಯೂ ಸಿಗುತ್ತಿತ್ತು.

ಬೆಟ್ಟಾ ಬದುಕೋದು ಗದ್ದೆ, ಜೌಗಿನ ನಿಂತ ನೀರಿನಲ್ಲಿ. ಅಲ್ಲಿ ಆಮ್ಲಜನಕ ಕಡಿಮೆ, ಅದಕ್ಕೆ ಕಿವಿರಿನ ಜೊತೆ ಗಾಳಿ ಉಸಿರಾಡೋ ಇನ್ನೊಂದು ಅಂಗ ಇದೆ. ಆಗಾಗ ಮೇಲೆ ಬಂದು ಗಾಳಿ ಗುಟುಕರಿಸುತ್ತೆ. ಗಂಡು ಮೀನು ನೀರಿನ ಮೇಲೆ ನೊರೆಯ ಗೂಡು ಕಟ್ಟಿ ಮೊಟ್ಟೆ ಕಾಯುತ್ತೆ. ಆ ಜಾಗಕ್ಕೆ ಇನ್ನೊಂದು ಗಂಡು ಬಂದರೆ ಜಗಳ. ಗದ್ದೆಯಲ್ಲಾದರೆ ಸೋತದ್ದು ಓಡಿಹೋಗುತ್ತೆ, ಕಥೆ ಮುಗೀತು. ಗಾಜಿನ ತೊಟ್ಟಿಯಲ್ಲಿ ಓಡೋಕೆ ಜಾಗ ಎಲ್ಲಿದೆ? ಅದರ ಮೇಲೆ ಸಯಾಂನಲ್ಲಿ ಪಂದ್ಯಕ್ಕಾಗಿ ತಲೆತಲಾಂತರದಿಂದ ಜಗಳಗಂಟ ಮೀನುಗಳನ್ನೇ ಆರಿಸಿ ಮರಿ ಮಾಡಿಸಿದ್ದಾರೆ. ಹಾಗಾಗಿ ಎರಡು ಗಂಡು ಬೆಟ್ಟಾಗಳನ್ನು ಒಟ್ಟಿಗೆ ಬಿಡಲೇಬಾರದು. ಗಂಡು ಹೆಣ್ಣನ್ನೂ ಸುಮ್ಮನೆ ಜೊತೆಗೆ ಇಡಬಾರದು.

ಅಂಗಡಿಯ ಆ ನಾಲ್ಕು ಮೀನುಗಳನ್ನು ಈಗ ಅವುಗಳ ಊರಿನಿಂದ ಅಳೆಯೋಣ. ಡ್ವಾರ್ಫ್ ಗೌರಾಮಿ, ಹನಿ ಗೌರಾಮಿ ಬೆಟ್ಟಾದ ದಾಯಾದಿಗಳು. ಅವೂ ನಿಂತ ನೀರಿನವು, ಅವೂ ಗಾಳಿ ಉಸಿರಾಡುತ್ತವೆ, ಅವೂ ನೊರೆಗೂಡು ಕಟ್ಟುತ್ತವೆ. ಒಂದೇ ಥರದವು ಹೊಂದಿಕೊಳ್ಳುತ್ತವೆ ಅಂತ ನಮಗೆ ಅನ್ನಿಸುತ್ತೆ, ಆದರೆ ಎರಡಕ್ಕೂ ಬೇಕಿರೋದು ಅದೇ ಮೇಲಿನ ಜಾಗ, ಅದೇ ಮೂಲೆ. ಒಂದೇ ಜಮೀನಿಗೆ ಇಬ್ಬರು ಹಕ್ಕುದಾರರಿದ್ದರೆ ಏನಾಗುತ್ತೆ ಅಂತ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚಿಕ್ಕ ಟ್ಯಾಂಕಿನಲ್ಲಿ ಇವು ಬೇಡ. ರೋಸಿ ಬಾರ್ಬ್ ಹರಿಯೋ ನೀರಿನಲ್ಲಿ ಗುಂಪಾಗಿ ಓಡಾಡೋ ಚುರುಕು ಮೀನು, ಬೆಳೆದರೆ ಬೆಟ್ಟಾಗಿಂತ ದೊಡ್ಡದಾಗುತ್ತೆ. ಬೆಟ್ಟಾದ ಉದ್ದ ಬಾಲ ಅದಕ್ಕೆ ಕಚ್ಚಿ ನೋಡೋ ವಸ್ತು. ಇದೂ ಬೇಡ. ಜೀಬ್ರಾ ಡ್ಯಾನಿಯೋ ಕೆಟ್ಟದ್ದಲ್ಲ, ಆದರೆ ಕನಿಷ್ಠ ಆರು ಇರಬೇಕು, ಈಜೋಕೆ ಎರಡು ಅಡಿಯಾದರೂ ಉದ್ದದ ಟ್ಯಾಂಕ್ ಬೇಕು, ಬೆಟ್ಟಾಗಿಂತ ಸ್ವಲ್ಪ ತಂಪು ನೀರು ಅದಕ್ಕೆ ಇಷ್ಟ. ಹಾಸ್ಟೆಲ್ ಟೇಬಲ್ಲಿನ ತೊಟ್ಟಿಗೆ ಅದೂ ಹೊಂದಲ್ಲ.

ಹಾಗಾದರೆ ಯಾವುದು ಸರಿ? 20 ಲೀಟರ್ ಟ್ಯಾಂಕ್ ಇದ್ದರೆ ಒಂದು ಬೆಟ್ಟಾ, ಬೇಕಿದ್ದರೆ ಒಂದು ಬಸವನಹುಳು. ಅಷ್ಟೇ. 60 ಲೀಟರ್ ಹತ್ತಿರ ಇದ್ದರೆ ತಳದಲ್ಲಿ ಓಡಾಡುವ ಮೀನುಗಳನ್ನು ನೋಡಬಹುದು: ಕೋರಿಡೋರಾಸ್ ಅಥವಾ ಕೂಲಿ ಲೋಚ್, ಐದಾರರ ಗುಂಪು. ಅವು ಮೇಲಿನ ಜಾಗಕ್ಕೆ ಪೈಪೋಟಿ ಮಾಡಲ್ಲ, ಬಣ್ಣದ ಉದ್ದ ಬಾಲ ಇಲ್ಲದ್ದರಿಂದ ಬೆಟ್ಟಾಗೆ ಎದುರಾಳಿ ಅನ್ನಿಸಲ್ಲ. ಗಪ್ಪಿಗೆ ಬಣ್ಣದ ಬಾಲ ಇರುತ್ತೆ, ಅದು ಬೇಡ. ನೀರು 25ರಿಂದ 28 ಡಿಗ್ರಿ ಇರಲಿ, ಚಳಿಗಾಲಕ್ಕೆ ಹೀಟರ್ ಬೇಕಾಗಬಹುದು. ಮುಖ್ಯವಾಗಿ, ಟ್ಯಾಂಕ್ ತಂದ ದಿನವೇ ಮೀನು ತರಬೇಡಿ. ಮೀನಿನ ಗಲೀಜಿನಿಂದ ಅಮೋನಿಯಾ ಹುಟ್ಟುತ್ತೆ, ಅದು ವಿಷ. ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಗೊಳ್ಳೋಕೆ ನಾಲ್ಕರಿಂದ ಆರು ವಾರ ಬೇಕು. ಜೊತೆಗಾರ ಮೀನು ಬಿಟ್ಟ ಮೇಲೂ ಒಂದು ವಾರ ಕಣ್ಣಿಟ್ಟು ನೋಡಿ. ಒಂದೊಂದು ಬೆಟ್ಟಾ ಒಂದೊಂದು ಥರ. ಅಟ್ಟಿಸಿಕೊಂಡು ಹೋಗ್ತಾ ಇದ್ದರೆ ಬೇರೆ ಮಾಡೋಕೆ ಇನ್ನೊಂದು ತೊಟ್ಟಿ ಮೊದಲೇ ತಯಾರಿರಲಿ.

ಬುಕಾನನ್ ಇದನ್ನೆಲ್ಲ ಬರೆದಿಲ್ಲ. ಅವನ ಕಾಲದಲ್ಲಿ ಮನೆಯಲ್ಲಿ ಅಕ್ವೇರಿಯಂ ಇಡೋ ರೂಢಿಯೇ ಇನ್ನೂ ಬಂದಿರಲಿಲ್ಲ. ಆದರೆ ಇದು ಯಾವ ನೀರಿನ ಮೀನು, ಅಲ್ಲಿಯವರು ಇದನ್ನು ಏನಂತಾರೆ ಅಂತ ಮೊದಲು ಕೇಳೋ ಕ್ರಮ ಅವನದು. ಜೊತೆಗೆ ಯಾವ ಮೀನು ಬಿಡಬೇಕು ಅನ್ನೋ ಪ್ರಶ್ನೆಗೂ ಅಲ್ಲಿಂದಲೇ ಶುರು ಮಾಡಬೇಕು.

1829ರ ಜೂನ್ 15ರಂದು ಅವನು ತೀರಿಕೊಂಡ. ಆಗ 67 ವರ್ಷ. ಕಲ್ಕತ್ತೆಯಲ್ಲಿ ಉಳಿದ ಚಿತ್ರಗಳನ್ನು ಅವನು ಮತ್ತೆ ನೋಡಲಿಲ್ಲ. ಅವುಗಳಲ್ಲಿ ಕೆಲವನ್ನು ಬೇರೆಯವರು ತಮ್ಮ ಪುಸ್ತಕಗಳಲ್ಲಿ ಅವನ ಹೆಸರು ಹೇಳದೆ ಬಳಸಿಕೊಂಡರು. ಸರಿಯಾಗಿ ನೂರು ವರ್ಷ ಆದ ಮೇಲೆ, 1929ರಲ್ಲಿ, ಕಲ್ಕತ್ತೆಯಲ್ಲೇ ಕೆಲಸ ಮಾಡುತ್ತಿದ್ದ ಸುಂದರ್ ಲಾಲ್ ಹೋರಾ ಎಂಬ ಭಾರತೀಯ ಮೀನು ವಿಜ್ಞಾನಿ ಆ ಹಳೆಯ ಚಿತ್ರಗಳನ್ನು ಹಿಡಿದು ಕೂತು, ಯಾವ ಚಿತ್ರ ಪುಸ್ತಕದ ಯಾವ ಮೀನಿನದು ಅಂತ ಹೊಂದಿಸಿ ಪ್ರಕಟಿಸಿದರು. ಬಂಗಾಳದ ಮೀನುಗಾರರು ಹೆಸರು ಕೊಟ್ಟರು, ಬಂಗಾಳದ ಚಿತ್ರಕಾರರು ರೂಪ ಕೊಟ್ಟರು, ಕೊನೆಗೆ ಕಲ್ಕತ್ತೆಯಲ್ಲಿ ಕೂತ ಒಬ್ಬ ಭಾರತೀಯರು ಅದನ್ನು ಬುಕಾನನ್ ಹೆಸರಿಗೆ ವಾಪಸ್ ಬರೆದುಕೊಟ್ಟರು.

ಮುಂದಿನ ಸಲ ಮೀನಿನ ಅಂಗಡಿಗೆ ಹೋದಾಗ ಬೆಲೆ ಕೇಳೋ ಮೊದಲು ಹೆಸರು ಕೇಳಿ. ಆಮೇಲೆ ಅದರ ಊರು ಯಾವುದು ಅಂತ ಫೋನಿನಲ್ಲಿ ಎರಡು ನಿಮಿಷ ಹುಡುಕಿ ನೋಡಿ. ರೂಮಿನಲ್ಲಿ ಕಾಯ್ತಾ ಇರೋ ಬೆಟ್ಟಾ ಒಂಟಿಯಾಗಿಯೇ ಆರಾಮಾಗಿದೆ, ಅವಸರ ಏನಿಲ್ಲ.